ಓಜಿ ತಂಡದ ಏಳುಬೀಳು: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗ, ಸಾಂತಾಕ್ರೂಜ್, ಥಾಣೆ, ಡೊಂಬಿವಲಿ, ಮೀರಾರೋಡ್‌ನ ನಮ್ಮವರ ಮನೆಗಳಲ್ಲಿ ಡೋಟಾ ಎಂಬ ಕಂಪ್ಯೂಟರ್ ಆಟ ಆಡುವ ಹುಡುಗರು ಬೇಕಾದಷ್ಟಿದ್ದಾರೆ. ಅವರ ಬಾಯಲ್ಲಿ ಸದಾ ಕೇಳಿಬರುವ ಹೆಸರು ಓಜಿ. ಸಂಘದ ಕಾರ್ಯಕ್ರಮ ಮುಗಿದು ಊಟಕ್ಕೆ ಕೂತಾಗ, ಮದುವೆಯ ಹಾಲ್‌ನಲ್ಲಿ ಸಿಕ್ಕಾಗ, ಕೆಲವೊಮ್ಮೆ ಪತ್ರ ಬರೆದು ಜನ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟಿದ್ದೇನೆ. ಗೆದ್ದ ಕಪ್‌ಗಳ ಪಟ್ಟಿ ನೋಡಿದರೆ ಈ ತಂಡದ ಚರಿತ್ರೆ ಅರ್ಧವೂ ತಿಳಿಯುವುದಿಲ್ಲ. ಯಾರು ಬಿಟ್ಟು ಹೋದರು, ಯಾರು ಉಳಿದರು, ಯಾರು ಮರಳಿ ಬಂದರು ಎಂದು ನೋಡಿದರೆ ಮಾತ್ರ ಅದು ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

## ಆಟದ ಪರಿಚಯವೇ ಇಲ್ಲದವರಿಗೆ

"ಮಗ ಹಗಲು ರಾತ್ರಿ ಓಜಿ ಓಜಿ ಅಂತಾನೆ. ಅದು ಆಟದ ಹೆಸರಾ, ತಂಡದ್ದಾ?"

ತಂಡದ್ದು. ಆಟದ ಹೆಸರು ಡೋಟಾ 2, ತಯಾರಿಸಿದ್ದು ಅಮೆರಿಕದ ವಾಲ್ವ್ ಕಂಪನಿ. ಓಜಿ ಯುರೋಪಿನಲ್ಲಿ 2015ರಲ್ಲಿ ಹುಟ್ಟಿದ ವೃತ್ತಿಪರ ತಂಡ. ಡೋಟಾದ ಅತಿ ದೊಡ್ಡ ಟೂರ್ನಿಯನ್ನು 2018 ಮತ್ತು 2019ರಲ್ಲಿ ಅದೇ ಐವರು ಆಟಗಾರರೊಂದಿಗೆ ಬೆನ್ನುಬೆನ್ನಿಗೆ ಗೆದ್ದಿತು. ಹಾಗೆ ಎರಡು ವರ್ಷ ಸತತವಾಗಿ ಗೆದ್ದ ತಂಡ ಬೇರೊಂದಿಲ್ಲ. ಟೀಮ್ ಸ್ಪಿರಿಟ್ 2021 ಮತ್ತು 2023ರಲ್ಲಿ, ಟೀಮ್ ಲಿಕ್ವಿಡ್ 2017 ಮತ್ತು 2024ರಲ್ಲಿ ಗೆದ್ದವು. ಆದರೆ ಅವೆರಡೂ ನಡುವೆ ಬಿಟ್ಟುಬಿಟ್ಟು ಬಂದ ಗೆಲುವುಗಳು.

"ಐದು ಜನ ಕಂಪ್ಯೂಟರ್ ಮುಂದೆ ಕೂತು ಅಷ್ಟು ಹೊತ್ತು ಏನು ಮಾಡ್ತಾರೆ?"

ಒಂದು ಕಡೆ ಐವರು, ಇನ್ನೊಂದು ಕಡೆ ಐವರು. ಎರಡೂ ಕಡೆಯವರ ಕೋಟೆಯೊಳಗೆ ಏನ್‌ಶಿಯಂಟ್ ಎಂಬ ಕಟ್ಟಡ ಇರುತ್ತದೆ. ಎದುರಾಳಿಯ ಏನ್‌ಶಿಯಂಟ್ ಮೊದಲು ಕೆಡವಿದವರು ಗೆದ್ದರು. ಆಟ ಶುರುವಾಗುವ ಮುಂಚೆ ನೂರಕ್ಕೂ ಹೆಚ್ಚು ಹೀರೋಗಳಲ್ಲಿ ಕೆಲವನ್ನು ನಿಷೇಧಿಸಿ ಕೆಲವನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಅರ್ಧ ಯುದ್ಧ ಅಲ್ಲೇ ನಡೆದಿರುತ್ತದೆ.

ಐವರ ಕೆಲಸವೂ ಒಂದೇ ಅಲ್ಲ. ಆಟದೊಳಗಿನ ಚಿನ್ನವನ್ನು ಹೆಚ್ಚು ಉಂಡು ಕೊನೆಯಲ್ಲಿ ಬಲಾಢ್ಯನಾಗುವವನು ಕ್ಯಾರಿ, ಒಂದನೇ ಸ್ಥಾನ. ಎರಡನೆಯವನು ಮಿಡ್, ಮೂರನೆಯವನು ಆಫ್‌ಲೇನ್. ನಾಲ್ಕು ಮತ್ತು ಐದನೆಯವರು ಸಪೋರ್ಟ್. ಐದನೆಯವನ ಪಾಲಿಗೆ ಚಿನ್ನ ಉಳಿಯುವುದೇ ಅಪರೂಪ, ಬೇರೆಯವರನ್ನು ಕಾಯುವುದೇ ಅವನ ಕೆಲಸ. ಮುಂದಿನ ಉತ್ತರಗಳಲ್ಲಿ ಈ ಐದನೇ ಸ್ಥಾನದ ಮಾತು ಬರುತ್ತದೆ.

"ಟಿಐ ಅಂತಾರೆ, ಮೇಜರ್ ಅಂತಾರೆ. ಎರಡೂ ಒಂದೇ ಅಲ್ವಾ?"

ಅಲ್ಲ. ಟಿಐ ಎಂದರೆ ದಿ ಇಂಟರ್‌ನ್ಯಾಷನಲ್, ವಾಲ್ವ್ ವರ್ಷಕ್ಕೊಮ್ಮೆ ನಡೆಸುವ ವಿಶ್ವಕಪ್. ಮೊದಲನೆಯದು 2011ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ ನಡೆಯಿತು. ಮೇಜರ್‌ಗಳು 2015ರಿಂದ ಬಂದವು. 2023ರವರೆಗೆ ನಡೆದವು. ದೊಡ್ಡವೇ ಆಗಿದ್ದವು, ಆದರೂ ಟಿಐಗಿಂತ ಒಂದು ಮೆಟ್ಟಿಲು ಕೆಳಗೆ.

"ಇದು ಜೂಜಲ್ವಾ ಮಾರಾಯ್ರೆ? ಕೋಟಿಗಟ್ಟಲೆ ಬಹುಮಾನ ಎಲ್ಲಿಂದ ಬರ್ತದೆ?"

ಜೂಜಲ್ಲ. ಆಡುವವರು ಪಣ ಒಡ್ಡುವುದಿಲ್ಲ. 2013ರಿಂದ ವಾಲ್ವ್ ಪ್ರತಿ ಟಿಐಗೂ ಮುಂಚೆ ಅಭಿಮಾನಿಗಳಿಗೆ ಕಂಪೆಂಡಿಯಂ, ಆಮೇಲೆ ಬ್ಯಾಟಲ್ ಪಾಸ್ ಎಂಬ ಡಿಜಿಟಲ್ ಸರಕು ಮಾರಿ, ಬಂದ ಹಣದ ಶೇ. 25ನ್ನು ಬಹುಮಾನದ ಮೊತ್ತಕ್ಕೆ ಸೇರಿಸುತ್ತಿತ್ತು. ಹಾಗಾಗಿ ಮೊತ್ತ 2018ರಲ್ಲಿ 2.55 ಕೋಟಿ ಡಾಲರ್, 2019ರಲ್ಲಿ 3.43 ಕೋಟಿ ಡಾಲರ್, 2021ರಲ್ಲಿ 4 ಕೋಟಿ ಡಾಲರ್‌ವರೆಗೆ ಏರಿತು. ಬ್ಯಾಟಲ್ ಪಾಸ್ ನಿಂತ ಮೇಲೆ 2023ರಲ್ಲಿ ಅದು ಸುಮಾರು 30 ಲಕ್ಷ ಡಾಲರಿಗೆ ಇಳಿಯಿತು.

ಪಂದ್ಯದ ಮೇಲೆ ಹೊರಗಿನವರು ಬಾಜಿ ಕಟ್ಟುವುದು ಬೇರೆ ವಿಷಯ, ಅದು ಕ್ರಿಕೆಟ್ಟಿಗೂ ಇದೆ. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಈ ಎರಡನ್ನು ಬೇರೆಯಾಗಿಯೇ ಇಟ್ಟಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಕ್ರೀಡೆಯೆಂಬ ಮಾನ್ಯತೆ. ಮನೆಯವರು ಹೆದರುವುದು ಸಹಜ. ಹೆದರುವ ಮೊದಲು ಮಗ ಆಡುತ್ತಿರುವುದು ಯಾವುದು ಎಂದು ನೋಡಿ.

## ತಂಡದ ಕಥೆ

"ಓಜಿಯ ಮಾಲೀಕರು ಯಾರು? ಐಪಿಎಲ್ ತರಹ ಯಾರಾದರೂ ಸೇಠ್ ಇದ್ದಾರಾ?"

ಸೇಠ್ ಇಲ್ಲ, ಆಟಗಾರರೇ ಕಟ್ಟಿಕೊಂಡ ತಂಡ ಇದು. 2015ರ ಟಿಐ ಮುಗಿದ ಮೇಲೆ ಡೆನ್ಮಾರ್ಕಿನ ಯೋಹಾನ್ ಸುಂಡ್‌ಸ್ಟೈನ್ ಮತ್ತು ಇಸ್ರೇಲಿನ ಟಾಲ್ ಐಜಿಕ್ ಸೇರಿ ಮಂಕಿ ಬಿಸಿನೆಸ್ ಎಂಬ ಹೆಸರಿನಲ್ಲಿ ಶುರುಮಾಡಿದರು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಹೆಸರು ಓಜಿ ಎಂದಾಯಿತು. ಆಟದಲ್ಲಿ ಯೋಹಾನ್‌ಗೆ ನೋಟೇಲ್, ಟಾಲ್‌ಗೆ ಫ್ಲೈ ಎಂದು ಹೆಸರು. ಡೋಟಾಕ್ಕೂ ಮುಂಚೆ ಬೇರೊಂದು ಆಟದ ಕಾಲದಿಂದ ಜೊತೆಗಿದ್ದ ಗೆಳೆಯರು ಇವರು. ಉಳಿದ ಮೂವರು ಜೋರ್ಡಾನಿನ ಮಿರಾಕಲ್, ಕೆನಡಾದ ಮೂನ್‌ಮಿಯಾಂಡರ್, ಡೆನ್ಮಾರ್ಕಿನ ಕ್ರಿಟ್.

ಇದಕ್ಕೂ ಮುಂಚೆ ನೋಟೇಲ್ ಹಲವು ತಂಡಗಳನ್ನು ಕಂಡಿದ್ದ. ಸೋತ ಮರುದಿನವೇ ಯಾರನ್ನಾದರೂ ಹೊರಗೆ ಹಾಕುವುದು ಆಗಿನ ಡೋಟಾ ತಂಡಗಳಲ್ಲಿ ಮಾಮೂಲಿಯಾಗಿತ್ತು. ಓಜಿ ಬೇರೆ ರೀತಿಯಲ್ಲಿ ನಡೆಯಬೇಕು, ಗೆಳೆತನದ ಮೇಲೆ ನಿಲ್ಲಬೇಕು ಎಂದೇ ಅದನ್ನು ಕಟ್ಟಿದ್ದು.

"ಟಿಐ ಬಿಡಿ, ಅದಕ್ಕೂ ಮುಂಚೆ ಇವರು ಏನಾದರೂ ಗೆದ್ದಿದ್ದರಾ?"

ನಾಲ್ಕು ಮೇಜರ್ ಗೆದ್ದಿದ್ದರು. ಹುಟ್ಟಿ ಕೆಲವೇ ತಿಂಗಳಲ್ಲಿ, 2015ರ ನವೆಂಬರಿನಲ್ಲಿ, ಅರ್ಹತಾ ಸುತ್ತಿನಿಂದ ಬಂದು ಫ್ರಾಂಕ್‌ಫರ್ಟ್ ಮೇಜರ್ ಗೆದ್ದರು. ಫೈನಲ್‌ನಲ್ಲಿ ಟೀಮ್ ಸೀಕ್ರೆಟ್ ವಿರುದ್ಧ 3-1. 2016ರ ಜೂನ್‌ನಲ್ಲಿ ಮನಿಲಾ ಮೇಜರ್, ಟೀಮ್ ಲಿಕ್ವಿಡ್ ವಿರುದ್ಧ 3-1. ಆ ವರ್ಷದ ಟಿಐ ಮುಗಿದ ಮೇಲೆ ಐವರಲ್ಲಿ ಮೂವರು ಹೊರಟುಹೋದರು. ಅವರ ಜಾಗಕ್ಕೆ ಸ್ವೀಡನ್ನಿನ ಎಸ್‌ಫೋರ್, ಫಿನ್ಲೆಂಡಿನ ಜೆರಾಕ್ಸ್, ಆಸ್ಟ್ರೇಲಿಯಾದ ಹದಿಹರೆಯದ ಹುಡುಗ ಅನಾ ಬಂದರು. ಹೊಸ ತಂಡ 2016ರ ಡಿಸೆಂಬರಿನಲ್ಲಿ ಬೋಸ್ಟನ್ ಮೇಜರ್‌ನ ಫೈನಲ್‌ನಲ್ಲಿ ಗ್ರೀಸಿನ ಆಡ್ ಫಿನೆಮ್ ತಂಡವನ್ನು 3-1ರಿಂದ, 2017ರ ಏಪ್ರಿಲ್‌ನಲ್ಲಿ ಕೀವ್ ಮೇಜರ್‌ನಲ್ಲಿ ವರ್ಟಸ್ ಪ್ರೊವನ್ನು 3-2ರಿಂದ ಸೋಲಿಸಿತು.

ಆಡ್ ಫಿನೆಮ್ ಜೊತೆಗಿನ ಫೈನಲ್ ಇವತ್ತಿಗೂ ನೋಡಲು ಚೆನ್ನ. ಯಾರೂ ಲೆಕ್ಕಕ್ಕೇ ಇಡದಿದ್ದ ಗ್ರೀಕ್ ಹುಡುಗರು ಮೂರನೇ ಪಂದ್ಯದಲ್ಲಿ ಓಜಿಯನ್ನು ಬೆವರಿಳಿಸಿ ಸೋಲಿಸಿದರು.

"ನಾಲ್ಕು ಮೇಜರ್ ಗೆದ್ದವರು ಟಿಐಯಲ್ಲಿ ಮಾತ್ರ ಯಾಕೆ ಮಕಾಡೆ ಬೀಳ್ತಿದ್ದರು?"

2016ರಲ್ಲಿ ಸಿಯಾಟಲ್‌ಗೆ ಹೋಗುವಾಗ ಓಜಿಯೇ ಗೆಲ್ಲುತ್ತದೆ ಎಂದು ಬಹಳ ಜನ ನಂಬಿದ್ದರು. ಫಿಲಿಪ್ಪೀನ್ಸ್‌ನ ಟಿಎನ್‌ಸಿ ಅವರನ್ನು 2-0ಯಿಂದ ಸೋಲಿಸಿ ಮನೆಗೆ ಕಳಿಸಿತು. ಡೋಟಾ ಚರಿತ್ರೆಯ ಅತಿ ದೊಡ್ಡ ಅಚ್ಚರಿಗಳಲ್ಲಿ ಅದೊಂದು. 2017ರಲ್ಲೂ ಮೊದಲ ಆರರೊಳಗೆ ಬರಲಾಗಲಿಲ್ಲ.

ಕಾರಣ ಒಂದೇ ಎಂದು ಹೇಳಲಾಗದು. ಮೇಜರ್ ಮುಗಿದು ಟಿಐ ಬರುವಷ್ಟರಲ್ಲಿ ವಾಲ್ವ್ ಆಟದ ನಿಯಮಗಳನ್ನು ತಿದ್ದುತ್ತದೆ, ಹೀರೋಗಳ ಬಲ ಏರಿಳಿಯುತ್ತದೆ. ಏಪ್ರಿಲ್‌ನ ಜಾಣತನ ಆಗಸ್ಟ್‌ಗೆ ಹಳತಾಗಿರುತ್ತದೆ. ಎಲ್ಲರ ಕಣ್ಣೂ ಯಾರ ಮೇಲಿದೆಯೋ ಅವರ ಆಟವನ್ನು ಎದುರಾಳಿಗಳು ಹೆಚ್ಚು ಅಭ್ಯಾಸ ಮಾಡುತ್ತಾರೆ ಎಂಬುದೂ ನಿಜ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಸೋಲಿನ ನಂತರದ ನಡೆ. 2016ರಲ್ಲಿ ಆ ಒಂದು ಸೋಲಿಗೇ ತಂಡ ಒಡೆಯಿತು. ಗೆಳೆತನದ ಮೇಲೆ ಕಟ್ಟಿದ್ದು ಎಂದ ತಂಡವೂ ಆಗಿನ್ನೂ ಸೋಲನ್ನು ಹೊತ್ತುಕೊಂಡು ನಡೆಯುವುದನ್ನು ಕಲಿತಿರಲಿಲ್ಲ.

"ಪ್ರತಿ ವರ್ಷ ಆಟಗಾರರು ತಂಡ ಬದಲಿಸೋದು ಯಾಕೆ? ನಿಯತ್ತೇ ಇಲ್ವಾ?"

ಪತ್ತನಾಜೆಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದರು ಮುಂದಿನ ವರ್ಷಕ್ಕೆ ಯಾವ ಮೇಳ ಎಂದು ಯೋಚಿಸುತ್ತಾರಲ್ಲ, ಡೋಟಾದಲ್ಲಿ ಟಿಐ ಮುಗಿದ ವಾರಗಳು ಹಾಗೆಯೇ. ಋತು ಅಲ್ಲಿಗೆ ಮುಗಿಯುತ್ತದೆ, ಹೊಸ ಒಪ್ಪಂದಗಳು ಆಗುತ್ತವೆ. ಅದನ್ನು ನಿಯತ್ತಿಲ್ಲದಿರುವಿಕೆ ಎನ್ನಲಾಗದು. ನೋವಾಗುವುದು ಋತುವಿನ ನಡುವೆ, ಟಿಐ ಎದುರಿಗಿರುವಾಗ ಹೋದರೆ.

"2018ರಲ್ಲಿ ಫ್ಲೈ ನಿಜವಾಗ್ಲೂ ಬೆನ್ನಿಗೆ ಚೂರಿ ಹಾಕಿದ್ನಾ?"

ನಡೆದದ್ದು ಇಷ್ಟು. 2017–18ರ ಋತುವಿನಲ್ಲಿ ಓಜಿ ಸೊರಗಿತ್ತು. ಅನಾ ವಿರಾಮ ತೆಗೆದುಕೊಂಡಿದ್ದ. ಅವನ ಬದಲಿಗೆ ಬಂದ ಉಕ್ರೇನಿನ ರೆಸೊಲ್ಯೂಷನ್ ಕೂಡ ಹೋಗಿದ್ದ. ಕೋಚ್ ಆಗಿದ್ದ ಫ್ರಾನ್ಸಿನ ಸೆಬಾಸ್ಟಿಯನ್ ಡೆಬ್ಸ್, ಅಂದರೆ ಸೆಬ್, ತಾನೇ ಆಡಲು ಕೂತಿದ್ದ. ಮೇ ಕೊನೆಯಲ್ಲಿ ಫ್ಲೈ ಮತ್ತು ಎಸ್‌ಫೋರ್ ಇಬ್ಬರೂ ಅಮೆರಿಕದ ಇವಿಲ್ ಜೀನಿಯಸಸ್ ತಂಡಕ್ಕೆ ಹೋದರು. ಫ್ಲೈ ಬರೀ ಆಟಗಾರನಲ್ಲ, ನಾಯಕ, ತಂಡವನ್ನು ಜೊತೆಗೆ ಹುಟ್ಟುಹಾಕಿದವನು. ಟಿಐಗೆ ಉಳಿದಿದ್ದು ಮೂರು ತಿಂಗಳಿಗಿಂತ ಕಡಿಮೆ.

ಚೂರಿ ಎಂಬ ಮಾತನ್ನು ನಾನು ಆಡುವುದಿಲ್ಲ. ಕುಸಿಯುತ್ತಿದ್ದ ತಂಡದಿಂದ ಗೆಲ್ಲುವ ಅವಕಾಶ ಹೆಚ್ಚಿರುವ ತಂಡಕ್ಕೆ ಹೋಗುವ ಹಕ್ಕು ಒಬ್ಬ ವೃತ್ತಿಪರನಿಗೆ ಇದೆ. ಗೆಳೆಯನಾಗಿ ಹೋದ ರೀತಿ ನೋವು ಕೊಟ್ಟಿತು ಎಂಬುದೂ ಅಷ್ಟೇ ನಿಜ. ಆ ನೋವನ್ನು ನೋಟೇಲ್ ಬಳಗ ಮುಚ್ಚಿಡಲಿಲ್ಲ.

"ಹಾಗಾದರೆ ಟಿಐ 2018ಕ್ಕೆ ಆಡಿದವರು ಯಾರು? ಎಲ್ಲಿಂದ ಹುಡುಕಿ ತಂದರು?"

ಉಳಿದವರು ನೋಟೇಲ್, ಜೆರಾಕ್ಸ್, ಸೆಬ್. ಜೂನ್‌ನಲ್ಲಿ ಅನಾ ಮರಳಿ ಬಂದ. ಮಿಡ್‌ಗೆ ಫಿನ್ಲೆಂಡಿನ ಟೋಪಿಯಾಸ್ ತಾವಿತ್ಸಾಯ್ನೆನ್, ಅಂದರೆ ಟಾಪ್ಸನ್ ಬಂದ. ಅವನಿಗೆ 20 ವರ್ಷ. ದೊಡ್ಡ ವೇದಿಕೆಯ ಮೇಲೆ ಒಮ್ಮೆಯೂ ಆಡಿರಲಿಲ್ಲ. ಅನಾನಿಗೆ 18.

ಆಟಗಾರರನ್ನು ಬದಲಿಸಿದ್ದಕ್ಕೆ ನೇರ ಆಹ್ವಾನದ ದಾರಿ ಮುಚ್ಚಿತ್ತು. ಯಾರು ಬೇಕಾದರೂ ಸೇರಬಹುದಾದ ಮುಕ್ತ ಅರ್ಹತಾ ಸುತ್ತಿನಿಂದ ಶುರುಮಾಡಿ, ಯುರೋಪಿನ ಅರ್ಹತಾ ಸುತ್ತು ದಾಟಿ ವ್ಯಾಂಕೂವರ್ ತಲುಪಿದರು. ನೋಟೇಲ್ ಆಗ ಐದನೇ ಸ್ಥಾನಕ್ಕೆ ಇಳಿದಿದ್ದ. ಮೇಜರ್‌ಗಳನ್ನು ಗೆದ್ದ ಕಾಲದಲ್ಲಿ ಅವನು ಕ್ಯಾರಿ, ತಂಡದ ಚಿನ್ನವೆಲ್ಲ ಅವನಿಗೆ. ಈಗ ಅದನ್ನು ಹುಡುಗನಿಗೆ ಬಿಟ್ಟುಕೊಟ್ಟು ತಾನು ಕಾವಲಿಗೆ ನಿಂತ. ಈ ಚರಿತ್ರೆಯಲ್ಲಿ ಒಂದೇ ಒಂದು ನಿರ್ಧಾರ ಆರಿಸಿ ಎಂದರೆ ನಾನು ಆರಿಸುವುದು ಅದನ್ನೇ.

"2018ರ ಫೈನಲ್ ಅಷ್ಟೊಂದು ದೊಡ್ಡ ಪಂದ್ಯ ಯಾಕೆ?"

ಫೈನಲ್‌ಗೂ ಮುಂಚೆ ಒಂದು ಮಾತು. ಮೇಲಿನ ಬ್ರಾಕೆಟ್‌ನ, ಅಂದರೆ ಮುಖ್ಯ ಹಂತದಲ್ಲಿ ಇನ್ನೂ ಸೋಲದವರ ಸಾಲಿನ, ಸೆಮಿಫೈನಲ್‌ನಲ್ಲಿ ಓಜಿಗೆ ಎದುರಾದದ್ದು ಇವಿಲ್ ಜೀನಿಯಸಸ್. ಆ ಕಡೆ ಫ್ಲೈ ಮತ್ತು ಎಸ್‌ಫೋರ್, ಜೊತೆಗೆ 2016ರಲ್ಲೇ ಹೋಗಿದ್ದ ಕ್ರಿಟ್. ಓಜಿಯ ಮೂವರು ಹಳೆಯ ಜೊತೆಗಾರರು ಒಂದೇ ಬೆಂಚಿನಲ್ಲಿ. ಓಜಿ 2-1ರಿಂದ ಗೆದ್ದಿತು.

ಫೈನಲ್‌ನಲ್ಲಿ ಚೀನಾದ ಪಿಎಸ್‌ಜಿ ಎಲ್‌ಜಿಡಿ. ಮೊದಲ ಪಂದ್ಯ ಓಜಿಗೆ, ಮುಂದಿನ ಎರಡು ಎಲ್‌ಜಿಡಿಗೆ. ನಾಲ್ಕನೆಯದರಲ್ಲಿ ಓಜಿ ಬಹಳ ಹಿಂದೆ ಬಿದ್ದಿತ್ತು, ಅದು ಕೈಬಿಟ್ಟಿದ್ದರೆ ಕಪ್ ಚೀನಾಕ್ಕೆ. ಅಲ್ಲಿಂದ ಎದ್ದು ಬಂದು, ಐದನೇ ಪಂದ್ಯದಲ್ಲಿ ಅನಾ ಆಡಿಸಿದ ಎಂಬರ್ ಸ್ಪಿರಿಟ್ ಎಂಬ ಹೀರೋ ಕೈಯಲ್ಲಿ 3-2ರಿಂದ ಮುಗಿಸಿದರು. ಆ ಫೈನಲ್‌ನಲ್ಲಿ ಸೆಬ್ ಆಕ್ಸ್ ಎಂಬ ಹೀರೋ ಹಿಡಿದು ಮಾಡಿದ ಒಂದು ದಾಳಿಯನ್ನು ಹುಡುಗರು ಇಂದಿಗೂ ನೆನೆಯುತ್ತಾರೆ. ಆಕ್ಸ್‌ನ ಶಕ್ತಿ ಎಂದರೆ ಹತ್ತಿರ ಇರುವ ಎದುರಾಳಿಗಳೆಲ್ಲ ಬೇರೇನೂ ಮಾಡಲಾಗದೆ ಅವನನ್ನೇ ಹೊಡೆಯುವಂತೆ ಮಾಡುವುದು. ಸೆಬ್ ಜಿಗಿದು ಅವರ ನಡುವೆ ಬಿದ್ದ. ಉಳಿದ ನಾಲ್ವರು ಕೆಲಸ ಮುಗಿಸಿದರು.

ವ್ಯಾಂಕೂವರ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಆಗಸ್ಟ್ 25ರ ಶನಿವಾರ ನಡೆದದ್ದನ್ನು ಮುಂಬಯಿಯ ಹುಡುಗರು ನೋಡಿದ್ದು ರಾತ್ರಿ ನಿದ್ದೆಗೆಟ್ಟು. ಮೊದಲ ಬಹುಮಾನ 1.12 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 78 ಕೋಟಿ ರೂಪಾಯಿ.

## ಪಂದ್ಯ ನೋಡಿ ಗೊತ್ತಿರುವವರಿಗೆ

"2018 ಅದೃಷ್ಟ, 2019 ಅಸಲಿ ಅಂತಾರೆ. ಒಪ್ತೀರಾ?"

ಮೊದಲ ಅರ್ಧ ಒಪ್ಪುವುದಿಲ್ಲ. ಮುಕ್ತ ಅರ್ಹತಾ ಸುತ್ತಿನಿಂದ ಹೊರಟು ಅಷ್ಟು ಸರಣಿ ಗೆಲ್ಲುವುದನ್ನು ಅದೃಷ್ಟ ಎನ್ನಲು ಬರುವುದಿಲ್ಲ. 2019ರ ತಂಡ ಇನ್ನೂ ಹೆಚ್ಚು ಪಳಗಿತ್ತು ಎಂಬುದನ್ನು ಒಪ್ಪುತ್ತೇನೆ. ಆ ಋತುವಿನಲ್ಲೂ ಅನಾ ಹಲವು ತಿಂಗಳು ಇರಲಿಲ್ಲ. ಬದಲಿ ಆಟಗಾರರೊಂದಿಗೆ ತಂಡ ತೆವಳಿತು. ಮಾರ್ಚ್‌ನಲ್ಲಿ ಅವನು ಬಂದ ಮೇಲೆ ಚೇತರಿಸಿಕೊಂಡಿತು.

2019ರ ಟಿಐ ನಡೆದ ಶಾಂಘೈಯಲ್ಲಿ ಅನಾ ಆಡಿದ ಐಒ ಎಲ್ಲರನ್ನೂ ಬೆಚ್ಚಿಬೀಳಿಸಿತು. ಐಒ ಜೊತೆಗಾರನಿಗೆ ತನ್ನನ್ನು ಕಟ್ಟಿಕೊಂಡು ಅವನನ್ನು ಬಲಪಡಿಸುವ ಹೀರೋ, ಹುಟ್ಟಾ ಸಪೋರ್ಟ್. ಅದನ್ನೇ ಕ್ಯಾರಿಯಾಗಿ ಆಡಿಸಿದಾಗ ಎದುರಾಳಿಗಳಿಗೆ ಡ್ರಾಫ್ಟ್‌ನಲ್ಲೇ ತಲೆಬಿಸಿ: ಓಜಿ ಐಒ ತೆಗೆದುಕೊಂಡರೆ ಅದು ಯಾರ ಕೈಗೆ ಹೋಗುತ್ತದೆ ಎಂದು ಊಹಿಸಲಾಗುತ್ತಿರಲಿಲ್ಲ. ಆಗಸ್ಟ್ 25ರ ಭಾನುವಾರ ಫೈನಲ್‌ನಲ್ಲಿ ಟೀಮ್ ಲಿಕ್ವಿಡ್ ವಿರುದ್ಧ 3-1. ಲಿಕ್ವಿಡ್‌ನಲ್ಲಿ ಆಡುತ್ತಿದ್ದವರಲ್ಲಿ ಒಬ್ಬ ಓಜಿಯ ಮೊದಲ ಐವರಲ್ಲಿದ್ದ ಮಿರಾಕಲ್. ಬಹುಮಾನ 1.56 ಕೋಟಿ ಡಾಲರ್, ಸುಮಾರು 110 ಕೋಟಿ ರೂಪಾಯಿ.

"ಓಜಿ ಆಟದಲ್ಲಿ ಅಂಥದ್ದೇನು ಬೇರೆ ಇತ್ತು?"

ಸತ್ತ ಹೀರೋವನ್ನು ಚಿನ್ನ ಕೊಟ್ಟು ತಕ್ಷಣ ಬದುಕಿಸಿಕೊಳ್ಳುವುದಕ್ಕೆ ಬೈಬ್ಯಾಕ್ ಎನ್ನುತ್ತಾರೆ. ದುಬಾರಿ ವಿಷಯ, ಮಾಡಿದ ಮೇಲೆ ಕೆಲವು ನಿಮಿಷ ಮತ್ತೆ ಮಾಡಲಾಗದು. ಉಳಿದ ತಂಡಗಳು ಅದನ್ನು ಕೊನೆಗಾಲಕ್ಕೆ ಕಾದಿಡುತ್ತಿದ್ದವು. ಓಜಿ ಆಟದ ನಡುವಿನಲ್ಲೇ ಖರ್ಚು ಮಾಡಿತು. ಒಂದು ಜಗಳ ಗೆದ್ದೆವೆಂದು ಎದುರಾಳಿ ಉಸಿರು ಬಿಡುವಷ್ಟರಲ್ಲಿ ಸತ್ತವರು ಮತ್ತೆ ಎದುರಿಗೆ ನಿಂತಿರುತ್ತಿದ್ದರು.

ಇದು ಲೆಕ್ಕಾಚಾರ ಮಾತ್ರವಲ್ಲ. ಹೀಗೆ ಆಡಲು ತಪ್ಪಾದರೆ ಬೈಯುವುದಿಲ್ಲ ಎಂಬ ಭರವಸೆ ಐವರ ನಡುವೆ ಇರಬೇಕು. ಟಾಪ್ಸನ್ ಯಾರೂ ಮಾಡದ ಜಾಗಕ್ಕೆ ನುಗ್ಗುತ್ತಿದ್ದ, ಸಾಯುತ್ತಿದ್ದ, ಮತ್ತೆ ನುಗ್ಗುತ್ತಿದ್ದ. ಹೊಸ ಹುಡುಗನನ್ನು ಹಾಗೆ ಆಡಲು ಬಿಟ್ಟದ್ದರಲ್ಲಿ ಓಜಿಯ ಗುಟ್ಟಿದೆ.

"ಅನಾ ಪದೇ ಪದೇ ಬಿಟ್ಟು ಹೋಗ್ತಿದ್ದ. ಅವನನ್ನು ಮತ್ತೆ ಮತ್ತೆ ಕರೆದದ್ದು ಸರಿಯಾ?"

ಸರಿ. 2017, 2018, 2019, ಪ್ರತಿ ಟಿಐ ಆದಮೇಲೆ ಅವನು ದೂರ ಸರಿದ. ಹದಿನೆಂಟರ ಆಸುಪಾಸಿನಲ್ಲಿ ಜಗತ್ತಿನ ದೊಡ್ಡ ಬಹುಮಾನಕ್ಕೆ ಆಡುವ ಹುಡುಗನಿಗೆ ದಣಿವಾಗುತ್ತದೆ. ಬಾಗಿಲು ತೆರೆದಿಟ್ಟದ್ದಕ್ಕೆ ಓಜಿಗೆ ಎರಡು ಟಿಐ ಬಂತು. 2021ರಲ್ಲಿ ಮತ್ತೊಮ್ಮೆ ಬಂದ ಅವನು ಜೂನ್‌ನಲ್ಲಿ ನಿವೃತ್ತಿ ಹೇಳಿದ. ಆಗಲೂ ತಂಡ ಗೌರವದಿಂದಲೇ ಕಳಿಸಿತು.

"2019ರ ಮೇಲೆ ಏನಾಯ್ತು?"

ಜೆರಾಕ್ಸ್ 2020ರ ಜನವರಿಯಲ್ಲಿ ನಿವೃತ್ತನಾದ. ಸೆಬ್ ಆಟದಿಂದ ಹಿಂದೆ ಸರಿದ. ಕರಾಚಿಯಲ್ಲಿ ಹುಟ್ಟಿದ ಸುಮೈಲ್ ಹಸನ್, ಮಲೇಷಿಯಾದ ಮಿಡ್‌ವನ್, ಉತ್ತರ ಮ್ಯಾಸಿಡೋನಿಯಾದ ಸಾಕ್ಸಾ ಬಂದರು. ಕೊರೊನಾದಿಂದ ಆ ವರ್ಷ ಟಿಐ ನಡೆಯಲೇ ಇಲ್ಲ. 2021ರ ಅಕ್ಟೋಬರಿನಲ್ಲಿ ಬುಖಾರೆಸ್ಟ್‌ನಲ್ಲಿ ಪ್ರೇಕ್ಷಕರಿಲ್ಲದೆ ನಡೆದ ಟಿಐಯಲ್ಲಿ, ಮುಂದೆ ಕಪ್ ಎತ್ತಿದ ಟೀಮ್ ಸ್ಪಿರಿಟ್ ಓಜಿಯನ್ನು ಹೊರದಬ್ಬಿತು.

"ಓಜಿ ಬಿಟ್ಟವರು ಉದ್ಧಾರ ಆದರಾ?"

ಕೆಲವರು ಚೆನ್ನಾಗಿಯೇ ಆದರು. ಮಿರಾಕಲ್ ಓಜಿ ಬಿಟ್ಟ ಮರುವರ್ಷ, 2017ರಲ್ಲಿ, ಲಿಕ್ವಿಡ್ ಜೊತೆ ಟಿಐ ಗೆದ್ದ. ಸಾಕ್ಸಾ 2022ರಲ್ಲಿ ಟುಂಡ್ರಾ ಜೊತೆ ಗೆದ್ದ. 2025ರಲ್ಲಿ ಹ್ಯಾಂಬರ್ಗ್‌ನಲ್ಲಿ ಟೀಮ್ ಫಾಲ್ಕನ್ಸ್ ಗೆದ್ದಾಗ ಆ ಐವರಲ್ಲಿ ಇಬ್ಬರು ಓಜಿಯವರಾಗಿದ್ದವರು: 2015ರ ಕ್ರಿಟ್ ಮತ್ತು 2021ರಲ್ಲಿ ಸೇರಿದ್ದ ಜೋರ್ಡಾನಿನ ಎಟಿಎಫ್. ಕ್ರಿಟ್ ಹತ್ತು ವರ್ಷ ಕಾದ. ಅವನ ಗೆಲುವು ನೋಡಿ ಹಳೆಯ ಓಜಿ ಅಭಿಮಾನಿಗಳಿಗೂ ಕಣ್ಣು ತುಂಬಿತು. ಫ್ಲೈಗೆ ಮಾತ್ರ ಟಿಐ ದಕ್ಕಲಿಲ್ಲ.

"ಇಂಥ ದೊಡ್ಡ ಡೋಟಾ ಟೂರ್ನಿ ಮುಂಬಯಿಗೆ ಬಂದಿದೆಯಾ? ನಮ್ಮ ದೇಶದವರು ಎಲ್ಲಿದ್ದಾರೆ?"

ಬಂದಿದೆ. 2019ರ ಏಪ್ರಿಲ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಎಸ್‌ಎಲ್ ಒನ್ ಮುಂಬೈ ನಡೆಯಿತು. ಆ ಸರಣಿ ಭಾರತಕ್ಕೆ ಬಂದದ್ದು ಅದೇ ಮೊದಲು. ಬಹುಮಾನ 3 ಲಕ್ಷ ಡಾಲರ್. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಡೋಟಾ ತಂಡ ಕಂಚು ಗೆದ್ದಿತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ಇಲ್ಲಿನ ಹುಡುಗರು ಹೆಚ್ಚಾಗಿ ಹೋಗಿದ್ದು ಮೊಬೈಲ್ ಆಟಗಳ ಕಡೆಗೆ. ಡೋಟಾ ಆಡಲು ಒಳ್ಳೆಯ ಕಂಪ್ಯೂಟರ್ ಬೇಕು, ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಅದಕ್ಕೆ ಜಾಗವೂ ಬೇಕು.

"ಸ್ಟಾಕ್‌ಹೋಮ್ ಮೇಜರ್ ಗೆದ್ದದ್ದು ಬೇರೆ ಹುಡುಗರಲ್ವಾ? ಅದನ್ನು ಓಜಿಯ ಲೆಕ್ಕಕ್ಕೆ ಹೇಗೆ ಸೇರಿಸ್ತೀರಿ?"

2021ರ ಟಿಐ ಬಳಿಕ ನೋಟೇಲ್, ಸೆಬ್, ಟಾಪ್ಸನ್ ಎಲ್ಲ ಪಕ್ಕಕ್ಕೆ ಸರಿದು ಎಳೆಯರಿಗೆ ತಂಡ ಬಿಟ್ಟುಕೊಟ್ಟರು: ಯುರಾಗಿ, ಬಲ್ಗೇರಿಯಾದ ಬಿಜೆಡ್‌ಎಂ, ಎಟಿಎಫ್, ನಾರ್ವೆಯ ಟೈಗಾ, ನಾಯಕನಾಗಿ ರಷ್ಯಾದ ಮಿಶಾ. ಹೆಸರಿದ್ದವರನ್ನು ಹಣ ಕೊಟ್ಟು ಕೊಳ್ಳಲಿಲ್ಲ. 2022ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ಗೆ ಹೊರಡುವಾಗ ಮಿಶಾಗೆ ವೀಸಾ ತೊಂದರೆಯಾಯಿತು. ಆಗ ಆಡಲು ಕೂತದ್ದು ಸೆಬ್. 2018ರಲ್ಲಿ ಕೋಚ್ ಕುರ್ಚಿಯಿಂದ ಎದ್ದು ಬಂದ ಹಾಗೆಯೇ ಮತ್ತೊಮ್ಮೆ ಖಾಲಿಯಾದ ಜಾಗಕ್ಕೆ ಬಂದ, ಅದೂ ತನ್ನದಲ್ಲದ ಸಪೋರ್ಟ್ ಸ್ಥಾನಕ್ಕೆ. ಫೈನಲ್‌ನಲ್ಲಿ ಅಮೆರಿಕದ ಟಿಎಸ್‌ಎಂ ಸೋತಿತು.

ಹಳೆಯ ಐವರಲ್ಲಿ ಒಬ್ಬ, ಹೊಸ ಐವರಲ್ಲಿ ನಾಲ್ವರು. ನನ್ನ ಲೆಕ್ಕದಲ್ಲಿ ಅದು ಪೂರ್ತಿಯಾಗಿ ಓಜಿಯ ಐದನೇ ಮೇಜರ್.